ಕಾರೈ ಕೊರಕಲುಗಳಲ್ಲಿ, ಮಳೆ ನಿಂತ ಮೂರನೆಯ ದಿನ

ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಕ್ಕೆ ಬೆಂಗಳೂರಿನ ರಸ್ತೆಗಳು ಕೆರೆಯಾದಾಗ, ತಮಿಳುನಾಡಿನ ಪೆರಂಬಲೂರು, ಅರಿಯಲೂರು ಜಿಲ್ಲೆಗಳೂ ಹೆಚ್ಚಾಗಿ ತೊಯ್ದಿರುತ್ತವೆ. ಸಮುದ್ರದ ಪಳೆಯುಳಿಕೆ ಹುಡುಕುವ ಹುಚ್ಚಿರುವವರು ಹವಾಮಾನ ಇಲಾಖೆಯ ಮಳೆ ನಕ್ಷೆ ತೆರೆದು ಕೂರುವುದು ಆಗಲೇ. ಬೆಂಗಳೂರಿನಿಂದ ಸೇಲಂ ದಾಟಿ ಸುಮಾರು 300 ಕಿಲೋಮೀಟರ್ ಹೋದರೆ, ಪೆರಂಬಲೂರು–ತಿರುಚ್ಚಿ ಹೆದ್ದಾರಿಯ ಪೂರ್ವಕ್ಕೆ ಕಾರೈ ಎಂಬ ಊರಿದೆ. ಅದರ ಪಕ್ಕದ ಬೋಳು ದಿಬ್ಬಗಳು ಒಂದು ಕಾಲದಲ್ಲಿ ಸಮುದ್ರದ ತಳ.

ಅಷ್ಟು ದೂರ ಯಾಕೆ ಎಂದರೆ, ನಮ್ಮಲ್ಲಿ ಇಲ್ಲ, ಅದಕ್ಕೆ. ಕರ್ನಾಟಕದ ನೆಲ ಬಹುಪಾಲು ಚಿಪ್ಪು ಇರುವ ಜೀವಿಗಳು ಹುಟ್ಟುವುದಕ್ಕೂ ಮೊದಲಿನದು. ಬಾಗಲಕೋಟೆ ಕಡೆಯ ಕಲಾದಗಿ ಸುಣ್ಣಕಲ್ಲಿನಲ್ಲಿ, ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳ ಗೆರೆಗಳಿವೆ. ಶಂಖ, ಚಿಪ್ಪು, ಹಲ್ಲು ಅಲ್ಲಿ ಸಿಗವು. ಉತ್ತರದಲ್ಲಿ ದಖನ್ನಿನ ಕಪ್ಪು ಬಸಾಲ್ಟ್ ಎಲ್ಲವನ್ನೂ ಮುಚ್ಚಿದೆ. ಡೈನೋಸಾರ್‌ಗಳ ಕೊನೆಯ ಕಾಲಘಟ್ಟವಾದ ಕ್ರಿಟೇಷಿಯಸ್ ಕಾಲದಲ್ಲಿ ಕಡಲು ನಮ್ಮ ಪ್ರಸ್ಥಭೂಮಿಯ ಮೇಲೆ ಏರಲಿಲ್ಲ. ಪೂರ್ವದ ಅಂಚಿನಲ್ಲಿ, ಈಗಿನ ಕಾವೇರಿ ಬಯಲಿನ ಬದಿಯಲ್ಲಿ, ನೈಸ್ (gneiss) ಎಂಬ ಹಳೆಯ ಪಟ್ಟೆಗಲ್ಲಿನ ಬಂಡೆಗಳಿಗೆ ಬಂದು ತಾಗಿ ನಿಂತಿತು. ಹಾಗೆ ನಿಂತ ನೀರಿನ ಕೆಸರೇ ಇಂದಿನ ಉತ್ತತ್ತೂರು, ತಿರುಚ್ಚಿ, ಅರಿಯಲೂರು ಶಿಲಾಗುಂಪುಗಳು. ಕಾರೈ ಜೇಡಿ ಇವುಗಳಲ್ಲಿ ಕೆಳಗಿನದಾದ ಉತ್ತತ್ತೂರು ಗುಂಪಿಗೆ ಸೇರಿದೆ. ವಯಸ್ಸು ಸುಮಾರು 10 ಕೋಟಿ ವರ್ಷಗಳ ಹಿಂದಿನಿಂದ 9 ಕೋಟಿ ವರ್ಷಗಳವರೆಗೆ.

ಇದು ಹೊಸ ಶೋಧವೇನಲ್ಲ. 1840ರ ದಶಕದಲ್ಲೇ ಮದ್ರಾಸಿನ ಅಧಿಕಾರಿಗಳಾದ ಕೇ ಮತ್ತು ಕನ್‌ಲಿಫ್ ಇಲ್ಲಿನ ಚಿಪ್ಪುಗಳನ್ನು ಲಂಡನ್ನಿಗೆ ಕಳಿಸಿದರು. ಪ್ರಕೃತಿವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಅವುಗಳ ವಿವರಣೆ ಬರೆದರು. ಮೂರು ಗುಂಪುಗಳಾಗಿ ಪದರ ವಿಂಗಡಿಸಿದ್ದು ಭೂವಿಜ್ಞಾನಿ ಬ್ಲಾನ್‌ಫರ್ಡ್ ಅವರ 1862ರ ವರದಿ. ನಮ್ಮವರ ಪಾಲೂ ಇದೆ: ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊ. ಎಲ್. ರಾಮರಾವ್, ಜೂಲಿಯಸ್ ಪಿಯಾ ಜೊತೆ ಸೇರಿ, ಅತಿ ಮೇಲಿನ ನಿನ್ನಿಯೂರು ಪದರಗಳ ಪಾಚಿ ಪಳೆಯುಳಿಕೆಗಳ ಬಗ್ಗೆ 1936ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಆ ಪದರಗಳ ಚರ್ಚೆಯಲ್ಲಿ ಬಿಟ್ಟು ಮುಂದೆ ಹೋಗಲಾಗದು.

ಈಗ ಮಳೆಯ ವಿಷಯ. ಕಾರೈ ದಿಬ್ಬಗಳ ಮಣ್ಣು ಸ್ಮೆಕ್ಟೈಟ್ ಜಾತಿಯ ಜೇಡಿ. ಗದಗ, ಧಾರವಾಡದ ಎರೆಹೊಲ ತುಳಿದವರಿಗೆ ಇದರ ಗುಣ ಗೊತ್ತಿರುತ್ತದೆ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿಬಿಡುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಮೇಲ್ಮೈ ಒಣಗಿ ಬಿರಿದು ಮಂಡಕ್ಕಿ ಹರಡಿದಂತೆ ಸಡಿಲವಾಗುತ್ತದೆ. ಒಂದೆರಡು ಇಂಚು ದಪ್ಪದ ಆ ಪುಡಿಯ ಕೆಳಗೆ ಏನಿದ್ದರೂ ಕಾಣುವುದಿಲ್ಲ. ಜೋರು ಮಳೆ ಬಂದಾಗ ಹನಿಯ ಏಟಿಗೆ ಪುಡಿ ಏಳುತ್ತದೆ, ಕಿರುಗಾಲುವೆಗಳು ಅದನ್ನು ಹೊತ್ತು ಕೊರಕಲಿಗೆ ಸುರಿಯುತ್ತವೆ. ಸಣ್ಣ ಕಣ ಹೋಗುತ್ತದೆ, ಭಾರದ್ದು ಉಳಿಯುತ್ತದೆ. ಆ ಭಾರದ್ದರಲ್ಲಿ ಪಳೆಯುಳಿಕೆಗಳೂ ಇರುತ್ತವೆ, ಅವುಗಳ ನೂರರಷ್ಟು ಬರೀ ಕಲ್ಲುಗಳೂ ಇರುತ್ತವೆ.

ಎಲ್ಲ ಮಳೆಯೂ ಈ ಕೆಲಸ ಮಾಡುವುದಿಲ್ಲ. ಎರಡು ದಿನ ಜಿಟಿಜಿಟಿ ಹಿಡಿದರೆ ಪುಡಿ ನೆನೆದು ಅಂಟಾಗಿ, ಒಣಗಿದಾಗ ಗಟ್ಟಿ ಹೊಪ್ಪಳೆಯಾಗಿ ನೆಲವನ್ನು ಇನ್ನಷ್ಟು ಮುಚ್ಚಿಬಿಡುತ್ತದೆ. ಬೇಕಾದದ್ದು ಕಡಿಮೆ ಹೊತ್ತಿನಲ್ಲಿ ರಭಸದಿಂದ ಸುರಿಯುವ ಮಳೆ, ಅದೂ ಕೆಲವು ವಾರ ಒಣಗಿದ ಮೇಲೆ. ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿಲಿಮೀಟರಿಗೆ ಮೇಲ್ಪಟ್ಟದ್ದನ್ನು ಭಾರೀ ಮಳೆ ಎನ್ನುತ್ತದೆ. ಆದರೆ ಅದೇ ಅಳತೆಯ ನೀರು ಒಂದು ಗಂಟೆಯಲ್ಲಿ ಬಿದ್ದದ್ದಕ್ಕೂ ದಿನಪೂರ್ತಿ ಬಿದ್ದದ್ದಕ್ಕೂ ಕೊರಕಲಿನಲ್ಲಿ ಅಜಗಜಾಂತರ. ಈ ಭಾಗಕ್ಕೆ ಹೆಚ್ಚಿನ ಮಳೆ ತರುವುದು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರು. ಅದರ ಮೊದಲ ಒಂದೆರಡು ಜೋರು ಮಳೆಗಳಲ್ಲೇ ಹೆಚ್ಚು ಕೊಚ್ಚಿಹೋಗುತ್ತದೆ, ಏಕೆಂದರೆ ಬೇಸಿಗೆಯಿಡೀ ಸಡಿಲಗೊಂಡ ಪುಡಿಯೆಲ್ಲ ಆಗಿನ್ನೂ ಅಲ್ಲೇ ಇರುತ್ತದೆ.

ಮಳೆ ನಿಂತ ಕೂಡಲೇ ಓಡಬೇಡಿ. ಮೊದಲ ದಿನ ಈ ಜೇಡಿ ಸೋಪಿನಷ್ಟು ಜಾರುತ್ತದೆ, ಪ್ರತಿ ಬೂಟಿಗೂ ಕಿಲೋಗಟ್ಟಲೆ ಮೆತ್ತಿಕೊಳ್ಳುತ್ತದೆ. ನಡೆದವರ ಕಾಲಿಗೆ ಸಿಕ್ಕಿ ಚಿಪ್ಪುಗಳು ಕೆಸರಿನೊಳಗೆ ಹೂತುಹೋಗುವುದೂ ಆಗಲೇ. ಕೊರಕಲಿನ ಗೋಡೆಗಳು ನೀರು ಕುಡಿದು ಭಾರವಾಗಿ, ಬುಡ ಸವೆದು, ಸದ್ದಿಲ್ಲದೆ ಕುಸಿಯುವುದೂ ಆ ಒಂದೆರಡು ದಿನಗಳಲ್ಲಿ. ಎರಡು ದಿನ ಬಿಸಿಲು ಬಿದ್ದರೆ ಮೇಲಿನ ಅರ್ಧ ಇಂಚು ಒಣಗಿ ಕಾಲಿಗೆ ಹಿಡಿತ ಸಿಗುತ್ತದೆ, ತೊಳೆದ ಕಲ್ಲುಗಳು ಮಣ್ಣಿನ ಬಣ್ಣದಿಂದ ಬೇರೆಯಾಗಿ ಕಾಣತೊಡಗುತ್ತವೆ. ಮೂರನೆಯ ದಿನ ನನ್ನ ಮಟ್ಟಿಗೆ ಸರಿಯಾದ ದಿನ. ಒಂದು ವಾರ ಬಿಟ್ಟರೆ ಮತ್ತೆ ಪುಡಿ ಏಳಲು ಶುರುವಾಗಿರುತ್ತದೆ, ಮೇಯಲು ಬಂದ ಆಡುಗಳೂ ಒಂದು ಸುತ್ತು ತುಳಿದಿರುತ್ತವೆ.

ಮಳೆ ಮಾಡುವ ಉಪಕಾರದಲ್ಲೇ ಒಂದು ಅಪಕಾರವಿದೆ, ಹೊಸಬರು ಅದನ್ನು ಗಮನಿಸುವುದಿಲ್ಲ. ಪಳೆಯುಳಿಕೆಯನ್ನು ತೊಳೆದು ಕೈಗೆ ಕೊಡುವ ನೀರೇ ಅದು ಯಾವ ಪದರದಲ್ಲಿತ್ತು ಎನ್ನುವುದನ್ನು ಅಳಿಸುತ್ತದೆ. ಸಾಲಿಗ್ರಾಮವನ್ನೇ ನೋಡಿ. ನೇಪಾಳದ ಕಾಳಿ ಗಂಡಕಿಯ ಆ ಕಪ್ಪು ಗುಂಡುಗಳೊಳಗಿನ ಚಕ್ರ ಅಮ್ಮೊನೈಟಿನದೇ, ಅಂದರೆ ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲಜೀವಿಯದು. ಮೇಲಿನ ಶೇಲ್ (ಕೆಸರು ಗಟ್ಟಿಯಾದ ಪದರಗಲ್ಲು) ಬೆಟ್ಟಗಳಿಂದ ಹೊಳೆಗೆ ಬಂದು, ಉರುಳಿ, ನುಣುಪಾಗಿ, ಕೊನೆಗೆ ಉಡುಪಿಯ ದೇವರ ಪೆಟ್ಟಿಗೆ ಸೇರುವ ಹೊತ್ತಿಗೆ ಅದು ಯಾವ ಬೆಟ್ಟದ ಯಾವ ಪದರದ್ದು ಎಂದು ಹೇಳುವ ದಾರಿಯೇ ಇರುವುದಿಲ್ಲ. ಕಾರೈಯಲ್ಲಿ ಹಾಗಲ್ಲ. ಇಲ್ಲಿ ಕೊರಕಲಿನಲ್ಲಿ ಬಿದ್ದಿರುವ ತುಣುಕಿನ ಮೂಲ ಬಹುಪಾಲು ಹತ್ತು ಮೀಟರ್ ಮೇಲೆಯೋ ಇಪ್ಪತ್ತು ಮೀಟರ್ ಮೇಲೆಯೋ ಇರುತ್ತದೆ. ಹುಡುಕಿದರೆ ಸಿಗುತ್ತದೆ, ಮುಂದಿನ ಮಳೆಯ ತನಕ ಮಾತ್ರ.

ಹಾಗಾಗಿ ಹುಡುಕುವ ಕ್ರಮ ಕೆಳಗಿನಿಂದ ಮೇಲಕ್ಕೆ. ಕೊರಕಲು ಬಯಲಿಗೆ ಬಿಚ್ಚಿಕೊಳ್ಳುವ ಕಡೆ ಬೀಸಣಿಗೆಯಾಕಾರದಲ್ಲಿ ಕಲ್ಲು ಹರಡಿರುತ್ತದಲ್ಲ, ಮೊದಲು ಅಲ್ಲಿ ನಿಲ್ಲಿ. ಇಡೀ ದಿಬ್ಬದಲ್ಲಿ ಏನೇನಿದೆ ಎನ್ನುವುದರ ಪಟ್ಟಿ ಅಲ್ಲಿರುತ್ತದೆ. ಆ ರಾಶಿಯಿಂದ ಏನನ್ನೂ ಎತ್ತಿಕೊಳ್ಳುವ ಅಗತ್ಯವಿಲ್ಲ, ನೋಡಿಕೊಂಡರೆ ಸಾಕು. ಆಮೇಲೆ ಕೊರಕಲು ಹಿಡಿದು ಮೇಲೆ ನಡೆಯಿರಿ. ಕವಲು ಬಂದಲ್ಲೆಲ್ಲ ಎರಡೂ ಕವಲಿನ ಬಾಯಿ ನೋಡಿ. ಒಂದರಲ್ಲಿ ಚಿಪ್ಪಿನ ಚೂರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ದಾರಿ ಯಾವುದೆಂದು ಗೊತ್ತಾಯಿತು. ಚೂರುಗಳು ಮೇಲೆ ಹೋದಂತೆ ದೊಡ್ಡದಾಗುತ್ತವೆ, ಅಂಚು ಹರಿತವಾಗುತ್ತದೆ. ಒಂದು ಎತ್ತರದಲ್ಲಿ ಥಟ್ಟನೆ ನಿಂತುಹೋಗುತ್ತವೆ. ಪದರ ಇರುವುದು ಆ ಕೊನೆಯ ಚೂರಿನ ಮಟ್ಟದಲ್ಲೋ ಅದರಿಂದ ಒಂದು ಗೇಣು ಮೇಲೋ. ಅಲ್ಲಿಂದ ಅದೇ ಎತ್ತರ ಹಿಡಿದು ದಿಬ್ಬದ ಸುತ್ತ ಅಡ್ಡಲಾಗಿ ನಡೆದರೆ ಮುಂದಿನ ಮೂರು ಕೊರಕಲುಗಳ ಕೆಲಸ ತಾನಾಗಿ ಆಗುತ್ತದೆ. ಇಲ್ಲಿನ ಪದರಗಳು ಪೂರ್ವದ ಕಡೆ ತುಸುವೇ ಬಾಗಿರುವುದನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಬೆಳಕಿನ ಮಾತು. ಕಾರೈ ನೆಲದ ತುಂಬ ಜಿಪ್ಸಮ್ ಹರಳು. ಮಟಮಟ ಮಧ್ಯಾಹ್ನ ದಿಬ್ಬವೆಲ್ಲ ಗಾಜು ಒಡೆದು ಚೆಲ್ಲಿದ ಹಾಗೆ ಹೊಳೆದು ಕಣ್ಣು ಸೋಲುತ್ತದೆ. ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಮೂರೂವರೆಯ ನಂತರ, ಓರೆ ಬಿಸಿಲಿನಲ್ಲಿ ಚಿಪ್ಪಿನ ಮೇಲಿನ ಪಕ್ಕೆಲುಬಿನಂಥ ಗೆರೆಗಳಿಗೂ ಗಂಟುಗಳಿಗೂ ನೆರಳು ಬೀಳುತ್ತದೆ. ಹೊಳಪನ್ನು ಅರಸಬೇಡಿ, ಆಕಾರ ಅರಸಿ: ಮತ್ತೆ ಮತ್ತೆ ಬರುವ ಗೆರೆ, ಸಮಪಾರ್ಶ್ವ, ದುಂಡು.

ಸಿಕ್ಕಿದ್ದನ್ನು ಎತ್ತುವ ಮೊದಲು ಫೋಟೊ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು, ನಾಲ್ಕು ಹೆಜ್ಜೆ ಹಿಂದೆ ಸರಿದು ದಿಬ್ಬವೆಲ್ಲ ಕಾಣುವಂತೆ ಇನ್ನೊಂದು. ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುತ್ತದೆ. ಕಡಿದಾದ ದಿಬ್ಬದಲ್ಲಿ ಐದು ಮೀಟರ್ ಎಂದರೆ ಹಲವು ಪದರ, ಅದನ್ನೊಂದನ್ನೇ ನಂಬುವಂತಿಲ್ಲ. ಅದಕ್ಕೇ ಎತ್ತರವನ್ನು ಬೇರೆಯಾಗಿ, ಕೊರಕಲಿನ ತಳದಿಂದ ಅಳೆದು ಬರೆಯಬೇಕು. ಚೀಟಿ ಹೀಗಿರಲಿ: ‘ಕಾರೈ, ಉತ್ತರದ ಕವಲು. ಉದುರಿದ್ದು. ತಳದಿಂದ 4 ಮೀ. ಮೇಲೆ. ಹಳದಿ ಮರಳುಮಿಶ್ರ ಜೇಡಿ. ಮೇಲೆ 6 ಮೀ.ನಲ್ಲಿ ಇಂಥವೇ ಚೂರು ಪದರದೊಳಗೆ ಇವೆ.’ ಇದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ‘ಉದುರಿದ್ದು’ ಎನ್ನುವ ಒಂದೇ ಮಾತು. ಪದರದಲ್ಲೇ ಇದ್ದದ್ದನ್ನೂ ಜಾರಿ ಬಂದದ್ದನ್ನೂ ಒಂದೇ ಚೀಲಕ್ಕೆ ಹಾಕಿದರೆ ಆ ಚೀಲದಿಂದ ಮುಂದೆ ಯಾರಿಗೂ ಉಪಯೋಗವಿಲ್ಲ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ತುಣುಕಿನ ಜೊತೆಗೇ ಸುತ್ತಿಡಿ. ಪ್ಲಾಸ್ಟಿಕ್ ಕವರಿನ ಮೇಲೆ ಮಾರ್ಕರಿನಲ್ಲಿ ಬರೆದದ್ದು ಬ್ಯಾಗಿನ ತಿಕ್ಕಾಟಕ್ಕೆ ಅಳಿಸಿಹೋಗುತ್ತದೆ.

ಗುರುತಿಸುವ ವಿಷಯಕ್ಕೆ ಬಂದರೆ, ಕಾರೈಯಲ್ಲಿ ಮೊದಲ ದಿನದ ತಪ್ಪುಗಳೆಲ್ಲ ನಾರುನಾರಾದ ಮೂರು ವಸ್ತುಗಳ ಸುತ್ತಲೇ ಆಗುತ್ತವೆ. ಅವನ್ನು ಬಿಡಿಸಿ ಹೇಳುವುದು ಒಳ್ಳೆಯದು.

ಒಂದು, ಬೆಲೆಮ್ನೈಟ್. ಕಪ್ಪೆಬೊಂಡಾಸ್ (ಕಟಲ್‌ಫಿಶ್) ಮೀನಿನ ದೂರದ ನಂಟ ಪ್ರಾಣಿಯೊಂದರ ಒಳಗವಚದ ಹಿಂತುದಿ ಇದು. ಜೇನುಬಣ್ಣದಿಂದ ಕಂದುಬಣ್ಣದವರೆಗೆ, ಬೆರಳಿಗಿಂತ ತೆಳು, ಒಂದು ತುದಿ ಚೂಪು. ಮುರಿದ ಜಾಗವನ್ನು ಹತ್ತು ಪಟ್ಟಿನ ಲೆನ್ಸಿನಲ್ಲಿ ನೋಡಿದರೆ ನಡುವಿನಿಂದ ಸುತ್ತಲೂ ಕಿರಣ ಹೊರಟಂತೆ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ನಾರುಗಳು, ಅವುಗಳನ್ನು ದಾಟುವ ಬೆಳವಣಿಗೆಯ ವೃತ್ತಗಳು. ದಪ್ಪ ತುದಿ ಉಳಿದಿದ್ದರೆ ಅದರಲ್ಲಿ ಶಂಕುವಿನಾಕಾರದ ಗುಳಿ ಇರುತ್ತದೆ. ಎರಡು, ನಾರು ಜಿಪ್ಸಮ್. ಬಿಳಿ, ರೇಷ್ಮೆಯ ಹೊಳಪು, ಜೇಡಿಯ ಬಿರುಕುಗಳಲ್ಲಿ ಹಾಳೆಯಂತೆ ಬೆಳೆದದ್ದು. ನಾರುಗಳು ಒಂದಕ್ಕೊಂದು ಸಮಾನಾಂತರವಾಗಿ ಬಿರುಕಿನ ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಹಾಳೆ ಸವೆದು ಕಡ್ಡಿಯಾದಾಗ ದೂರದಿಂದ ಬೆಲೆಮ್ನೈಟೇ ಎನಿಸುತ್ತದೆ. ಮೂರು, ಇನೊಸೆರಾಮಸ್ ಎಂಬ ದೊಡ್ಡ ಚಿಪ್ಪುಜೀವಿಯ ಚೂರು. ಇದರ ಚಿಪ್ಪೂ ಕ್ಯಾಲ್ಸೈಟ್ ಕಂಬಗಳನ್ನು ಒತ್ತಾಗಿ ನಿಲ್ಲಿಸಿ ಕಟ್ಟಿದ್ದು, ಚೂರು ಮಾಡಿದರೆ ಅಡ್ಡಕೊಯ್ತ ಥೇಟ್ ನಾರು ಜಿಪ್ಸಮ್ಮಿನ ಹಾಗೆ.

ಬಿಡಿಸಲು ಉಗುರು ಸಾಕು. ಖನಿಜಗಳ ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ಜಿಪ್ಸಮ್ಮಿನದು 2, ಉಗುರಿನದು ಸುಮಾರು ಎರಡೂವರೆ, ಕ್ಯಾಲ್ಸೈಟಿನದು 3. ಉಗುರಿನಿಂದ ಗೀರು ಬಿದ್ದರೆ ಜಿಪ್ಸಮ್, ಅಲ್ಲಿಗೆ ಮುಗಿಯಿತು. ಬೀಳದಿದ್ದರೆ ಉಳಿದ ಎರಡರಲ್ಲಿ ಒಂದು. ಆಗ ಆಕಾರ ನೋಡಿ. ಸುತ್ತಲೂ ಕಿರಣವಾದರೆ ಬೆಲೆಮ್ನೈಟ್. ಚಪ್ಪಟೆ ಚೂರು, ಒಂದು ಮುಖದಲ್ಲಿ ಅಲೆಯಂಥ ಏರಿಳಿತ ಇದ್ದರೆ ಇನೊಸೆರಾಮಸ್. ಆಸಿಡ್ ಪರೀಕ್ಷೆ ಬೇಕೆಂದರೆ ಹಾರ್ಡ್‌ವೇರ್ ಅಂಗಡಿಯ ಮ್ಯೂರಿಯಾಟಿಕ್ (ಹೈಡ್ರೊಕ್ಲೋರಿಕ್) ಆಸಿಡ್ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅದರ ಒಂದು ತೊಟ್ಟು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಕ್ಯಾಲ್ಸೈಟ್ ನೊರೆಯುಕ್ಕುತ್ತದೆ, ಜಿಪ್ಸಮ್ ಸುಮ್ಮನಿರುತ್ತದೆ. ಇಲ್ಲಿ ಮೋಸ ಹೋಗುವುದು ತೊಳೆಯದ ತುಣುಕಿನಲ್ಲಿ: ಅಂಟಿದ ಮಣ್ಣಿನಲ್ಲೇ ಸುಣ್ಣವಿದ್ದರೆ ಅದೂ ನೊರೆ ಬಿಡುತ್ತದೆ. ಒಳ್ಳೆಯ ತುಣುಕಿನ ಮುಂಭಾಗಕ್ಕೆ ಆಸಿಡ್ ಬಿಡುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು. ಚೂರಿನ ಹಿಂಬದಿ ಇದೆಯಲ್ಲ!

ಬೆಲೆಮ್ನೈಟ್‌ಗಳು ಪದರದೊಳಗೇ ಗುಂಪಾಗಿ ಸಿಕ್ಕರೆ ಕೀಳುವ ಮೊದಲು ದಿಕ್ಸೂಚಿ ಹಿಡಿದು ಎಷ್ಟು ಯಾವ ದಿಕ್ಕಿಗೆ ಮಲಗಿವೆ ಎಂದು ಎಣಿಸಿ. ಉದ್ದನೆಯ ವಸ್ತುಗಳು ಒಂದೇ ಕಡೆ ತಲೆ ಹಾಕಿದ್ದರೆ ಆ ಸಮುದ್ರತಳದಲ್ಲಿ ನೀರಿನ ಸೆಳೆತ ಇತ್ತು. ಕಿತ್ತ ಮೇಲೆ ಈ ಮಾಹಿತಿಯನ್ನು ಯಾರೂ ಮರಳಿ ತರಲಾರರು.

ಅಮ್ಮೊನೈಟಿಗೆ ಎಲ್ಲರೂ ಆಸೆಪಡುತ್ತಾರೆ. ಇಡಿಯಾದದ್ದು ಅಪರೂಪ, ಸಿಗುವುದು ಬಹುಪಾಲು ಒಂದು ಸುತ್ತಿನ ಕಾಲು ಭಾಗ, ಅದೂ ಚಿಪ್ಪು ಕರಗಿ ಒಳಗಿನ ಕೆಸರು ಗಟ್ಟಿಯಾದ ಅಚ್ಚು. ಆದರೆ ಗುರುತಿಗೆ ಈ ಅಚ್ಚೇ ಒಳ್ಳೆಯದು, ಏಕೆಂದರೆ ಚಿಪ್ಪು ಹೋದಾಗ ಒಳಗೋಡೆಗಳು ಹೊರಚಿಪ್ಪಿಗೆ ತಾಗಿದ್ದ ಗೆರೆ ಕಾಣುತ್ತದೆ. ಅಮ್ಮೊನೈಟಿನಲ್ಲಿ ಆ ಗೆರೆ ಎಲೆಯಂಚಿನಂತೆ ನೂರೆಂಟು ಕವಲಾಗಿರುತ್ತದೆ. ಅದರ ನಂಟನಾದ ನಾಟಿಲಾಯ್ಡ್ ಆದರೆ ಸರಳವಾಗಿ ಬಾಗಿದ ಗೆರೆ, ಅಷ್ಟೇ. ಮುರಿದ ಅಡ್ಡಮುಖದಲ್ಲಿ ಸಣ್ಣ ನಳಿಕೆಯ ಗುರುತು ಹುಡುಕಿ. ಹೊರ ಅಂಚಿಗೆ ಒತ್ತಿಕೊಂಡಿದ್ದರೆ ಅಮ್ಮೊನೈಟ್, ಗೋಡೆಯ ನಡುವೆ ಇದ್ದರೆ ನಾಟಿಲಾಯ್ಡ್. ಕೋಣೆಗಳೇ ಇಲ್ಲದೆ ಅಂಕುಡೊಂಕಾಗಿ ಸುತ್ತಿದ ಕಡ್ಡಿಗಾತ್ರದ ಕೊಳವೆ ಎಂದರೆ ಸರ್ಪುಲಿಡ್ ಹುಳುವಿನ ಮನೆ, ಕಾರೈಯಲ್ಲಿ ಇವೂ ಧಾರಾಳ.

ತೊಡಕಿನದು ಟರಿಲೈಟಿಸ್. ಗೋಪುರದಂತೆ ಸುತ್ತಿ ಬೆಳೆದ ಅಮ್ಮೊನೈಟ್, ಮೊದಲ ನೋಟಕ್ಕೆ ಶಂಖದಹುಳುವೇ. ಗೆರೆ ಕಾಣದಷ್ಟು ಸವೆದಿದ್ದರೆ ಹೀಗೆ ಮಾಡಿ: ಚೂಪು ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಹಿಡಿಯಿರಿ. ಶಂಖದಹುಳುಗಳಲ್ಲಿ ಬಹುಪಾಲು ಬಾಯಿ ಬಲಗಡೆಗೆ ಬರುತ್ತದೆ, ಟರಿಲೈಟಿಸ್‌ನಲ್ಲಿ ಬಹುಪಾಲು ಎಡಗಡೆಗೆ. (ಪೂಜೆಯ ಬಲಮುರಿ, ಎಡಮುರಿ ಲೆಕ್ಕ ಇಲ್ಲಿಗೆ ತರಬೇಡಿ; ಶಂಖವನ್ನು ಹಿಡಿಯುವ ರೀತಿಯೇ ಬೇರೆಯಾದ್ದರಿಂದ ಅದು ಪ್ರಾಣಿಶಾಸ್ತ್ರದ ಲೆಕ್ಕಕ್ಕೆ ಸರಿಯಾಗಿ ತಿರುವುಮುರುವು.) ಇದು ಸಾಧ್ಯತೆ ಹೇಳುವ ಪರೀಕ್ಷೆ ಮಾತ್ರ, ತೀರ್ಪು ಕೊಡುವುದು ಹೊಲಿಗೆಯಂಥ ಆ ಗೆರೆಯೇ.

ಜಾತಿಯವರೆಗೆ ಹೋಗಬೇಕೆಂದರೆ ಹೊರಬೆನ್ನು ನೋಡಿ. ಬೆನ್ನಿನ ಮೇಲೆ ಎದ್ದ ಏಣು, ಪಕ್ಕದಲ್ಲಿ ಗಟ್ಟಿ ಪಕ್ಕೆಲುಬು ಇದ್ದರೆ ಮಾರ್ಟೊನಿಸೆರಾಸ್. ಅದು ಆಲ್ಬಿಯನ್ ಯುಗದ ಕೊನೆ, ಅಂದರೆ ಸುಮಾರು 10 ಕೋಟಿ ವರ್ಷಕ್ಕೂ ತುಸು ಹಿಂದೆ. ಸಾಲುಸಾಲು ಗಂಟುಗಳಿರುವ ಅಕಾಂಥೊಸೆರಾಸ್, ಅದರೊಂದಿಗೆ ಟರಿಲೈಟಿಸ್ ಬಂದರೆ ಅದರ ನಂತರದ ಸೆನೊಮೇನಿಯನ್ ಯುಗ. ಕೊಂಬಿನಂಥ ದಪ್ಪ ಗಂಟುಗಳ ಮ್ಯಾಮೈಟಿಸ್ ಬಂದರೆ ಟುರೋನಿಯನ್, 9 ಕೋಟಿ 39 ಲಕ್ಷ ವರ್ಷಗಳ ಈಚೆ. ನುಣುಪು ಮೈ, ನಡುನಡುವೆ ಹಗ್ಗ ಬಿಗಿದಂಥ ಕುಗ್ಗು ಇರುವ ಪುಜೋಸಿಯಾ ಉದ್ದ ಕಾಲ ಬದುಕಿದ್ದರಿಂದ ಪದರದ ವಯಸ್ಸು ಹೇಳಲು ಅಷ್ಟಾಗಿ ನೆರವಾಗದು. ಒಂದೇ ಕೊರಕಲಿನ ಬಾಯಿಯಲ್ಲಿ ಮಾರ್ಟೊನಿಸೆರಾಸ್, ಮ್ಯಾಮೈಟಿಸ್ ಎರಡೂ ಬಿದ್ದಿದ್ದರೆ ಅವೆರಡೂ ಒಟ್ಟಿಗೆ ಈಜುತ್ತಿದ್ದವು ಎಂದು ಬರೆಯುವವರಿದ್ದಾರೆ. ಅವನ್ನು ಒಟ್ಟುಗೂಡಿಸಿದ್ದು ಮೊನ್ನೆಯ ಮಳೆ. ಇನ್ನೂ ಸಿಕ್ಕಲಾದ ಸಂಗತಿಯೆಂದರೆ, ಕಪ್ಪುಕಂದು ಫಾಸ್ಫೇಟ್ ಗುಂಡುಗಳೊಳಗಿನ ಅಮ್ಮೊನೈಟ್ ಕೆಲವೊಮ್ಮೆ ಆ ಕಾಲದ ಕಡಲೇ ಹಳೆಯ ತಳದಿಂದ ಕಿತ್ತು ಹೊಸ ತಳಕ್ಕೆ ಎಸೆದದ್ದು. ಗುಂಡಿನ ಮೈ ಉಜ್ಜಿ ನುಣುಪಾಗಿದ್ದರೆ, ಅದರ ಮೇಲೆ ಸಿಂಪಿ ಅಂಟಿ ಬೆಳೆದಿದ್ದರೆ, ಪದರದೊಳಗೇ ಸಿಕ್ಕರೂ ಅನುಮಾನ ಇಟ್ಟುಕೊಳ್ಳಿ.

ಗುಂಡುಕಲ್ಲುಗಳ ಬಗ್ಗೆ ಇನ್ನೊಂದು ಎಚ್ಚರಿಕೆ. ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಸಿಕ್ಕ ದೊಡ್ಡ ಉರುಟು ಕಲ್ಲುಗಳು ಡೈನೋಸಾರ್ ಮೊಟ್ಟೆ ಎಂದು 2020ರಲ್ಲಿ ಜಾಲತಾಣಗಳಲ್ಲೆಲ್ಲ ಹರಿದಾಡಿತು. ಹೋಗಿ ನೋಡಿದ ಭೂವಿಜ್ಞಾನಿಗಳು ಅವು ಸಮುದ್ರತಳದ ಕೆಸರು ಗಟ್ಟಿಯಾದ ಗುಂಡುಗಳು, ಮೊಟ್ಟೆಯಲ್ಲ ಎಂದರು. ಸತ್ತ ಜೀವಿಯ ಸುತ್ತ ಸುಣ್ಣವೋ ಕಬ್ಬಿಣವೋ ಶೇಖರವಾಗಿ ಇಂಥ ಗುಂಡು ಆಗುತ್ತದೆ. ಮೊಟ್ಟೆಯಾದರೆ ಒಂದೆರಡು ಮಿಲಿಮೀಟರ್ ದಪ್ಪದ ಓಡು ಬೇಕು, ಲೆನ್ಸಿನಲ್ಲಿ ಅದರ ಮೇಲೆ ಸೂಕ್ಷ್ಮ ರಂಧ್ರಗಳು ಬೇಕು. ಗುಂಡಿನ ಗಾತ್ರ ಒಂದೊಂದೂ ಒಂದೊಂದು ಬಗೆ ಇರುತ್ತದೆ, ಓಡು ಇರುವುದೇ ಇಲ್ಲ.

ಎರಡು ಹೋಳಿನ ಚಿಪ್ಪುಗಳನ್ನು ಬೇಗ ಮುಗಿಸಬಹುದು. ಒಂದು ಚಿಪ್ಪನ್ನು ನಡುವೆ ಸೀಳಿದರೆ ಎರಡು ಅರ್ಧವೂ ಒಂದೇ ರೀತಿ ಇದ್ದರೆ ಬ್ರೇಕಿಯೊಪಾಡ್ ಎಂಬ ಬೇರೆಯೇ ಗುಂಪಿನ ಕಡಲಜೀವಿ. ಚಿಪ್ಪು ಒಂದು ಕಡೆಗೆ ವಾಲಿದ್ದು, ಎಡ–ಬಲ ಚಿಪ್ಪುಗಳು ಒಂದಕ್ಕೊಂದು ಕನ್ನಡಿಯಂತಿದ್ದರೆ ಮಳಿ (ಕಪ್ಪೆಚಿಪ್ಪು) ಜಾತಿ. ಸಿಂಪಿಗಳು ಎರಡೂ ನಿಯಮಕ್ಕೆ ಬಗ್ಗವು; ಪದರಪದರವಾಗಿ ಏಳುವ ದಪ್ಪ ಚಿಪ್ಪೇ ಅವುಗಳ ಗುರುತು. ದಪ್ಪ ಸಿಂಪಿಗಳ ಹಬ್ಬ ನೋಡಬೇಕೆಂದರೆ ಅರಿಯಲೂರಿನ ಕಲ್ಲಂಕುರಿಚ್ಚಿ ಸುಣ್ಣಕಲ್ಲು ಬೇಕು, ಅದು ಇದಕ್ಕಿಂತ ಎಷ್ಟೋ ಈಚಿನದು ಮತ್ತು ಬಹುಪಾಲು ಸಿಮೆಂಟ್ ಗಣಿಗಳ ಒಳಗಿದೆ. ಮಳೆ ಬಿದ್ದ ಗಣಿಯ ಗೋಡೆ ಯಾರಿಗೂ ತಮಾಷೆಯಲ್ಲ. ಅನುಮತಿ, ಹೆಲ್ಮೆಟ್, ಗಣಿಯವರ ಜೊತೆ ಇಲ್ಲದೆ ಆ ಕಡೆ ಹೋಗಬೇಡಿ.

ಶಾರ್ಕ್ ಹಲ್ಲು ನಡೆಯುತ್ತ ಸಿಗುವುದು ಕಡಿಮೆ. ಕಾರೈ ಪದರಗಳಲ್ಲಿ ಇವೆ. ಆದರೆ ಕೆಲವು ಮಿಲಿಮೀಟರಿನವು. ಅದಕ್ಕೆ ಜರಡಿ ಹಿಡಿಯಬೇಕು. ಒಂದೇ ಪದರದಿಂದ ಐದು ಕಿಲೋ ಜೇಡಿ ತಂದು, ನಿಂಬೆಗಾತ್ರಕ್ಕೆ ಒಡೆದು, ಬಿಸಿಲಿನಲ್ಲಿ ಮೂರು–ನಾಲ್ಕು ದಿನ ಪೂರ್ತಿ ಒಣಗಿಸಿ. ಎಲ್ಲರೂ ಕೆಡಿಸುವುದು ಇಲ್ಲೇ. ಅರ್ಧ ಹಸಿ ಇರುವ ಜೇಡಿ ನೀರಿನಲ್ಲಿ ಒಡೆಯುವುದಿಲ್ಲ, ವಾರ ಬಿಟ್ಟರೂ ಮುದ್ದೆಯಾಗಿ ಕೂತಿರುತ್ತದೆ. ಪೂರ್ತಿ ಒಣಗಿದ್ದು ನೀರು ಬಿದ್ದೊಡನೆ ತಾನೇ ಉಬ್ಬಿ ಚೂರಾಗುತ್ತದೆ. ಬಕೆಟ್ಟಿನ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ಬಿಡಿ, ಕೈಯಾಡಿಸಬೇಡಿ. ಬೆಳಿಗ್ಗೆ 2 ಮಿಲಿಮೀಟರ್ ಜರಡಿಯ ಕೆಳಗೆ ಅರ್ಧ ಮಿಲಿಮೀಟರಿನದು ಇಟ್ಟು ನಿಧಾನ ಧಾರೆಯಲ್ಲಿ ತೊಳೆಯಿರಿ. ಉಜ್ಜಿದರೆ ಹಲ್ಲಿನ ತುದಿ ಮುರಿಯುತ್ತದೆ. ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿ, ಕಪ್ಪು ಕಾಗದದ ಮೇಲೆ ಚಮಚದಷ್ಟೇ ಹರಡಿ, ಒದ್ದೆ ಕುಂಚದ ತುದಿಯಲ್ಲಿ ಆರಿಸಿ. ಹಲ್ಲಿನ ಕಿರೀಟಕ್ಕೆ ಎನಾಮೆಲ್ ಹೊಳಪು, ಬೇರು ಮಂಕು. ಈ ಎರಡರ ನಡುವಿನ ಗಡಿ ಸ್ಪಷ್ಟವಾಗಿದ್ದರೆ ಹಲ್ಲು. ತೊಳೆದ ಕೆಸರುನೀರನ್ನು ಬಚ್ಚಲಿಗೆ ಬಿಟ್ಟರೆ ಪೈಪು ಕಟ್ಟಿಕೊಂಡು ಮನೆಯವರೊಡನೆ ಸಂಬಂಧ ಕೆಡುತ್ತದೆ. ಗಿಡದ ಬುಡವೇ ಸರಿ.

ಮನೆಗೆ ತಂದ ದೊಡ್ಡ ತುಣುಕುಗಳನ್ನು ಮಾತ್ರ ಬಿಸಿಲಿಗೆ ಇಡಬಾರದು. ಮೇಲ್ಭಾಗ ಬೇಗ ಒಣಗಿ ಕುಗ್ಗಿ, ಒಳಗಿನ ಹಸಿ ಹಾಗೇ ಉಳಿದು ಚೂರುಚೂರಾಗುತ್ತದೆ. ಪತ್ರಿಕೆ ಸುತ್ತಿ ನೆರಳಿನಲ್ಲಿ ವಾರ ಬಿಡಿ. ಆಮೇಲೆ ಬಿಳಿ ಉಪ್ಪಿನ ಪುಡಿ ಮೇಲೆ ಹೂಬಿಟ್ಟರೆ ತುಣುಕಿನೊಳಗೆ ಲವಣ ಇದೆ ಎಂದರ್ಥ; ಗಟ್ಟಿ ತುಣುಕಾದರೆ ಫಿಲ್ಟರ್ ನೀರಿನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸಿ. ಬೋರ್‌ವೆಲ್ ನೀರು ಬೇಡ, ಅದರದೇ ಸುಣ್ಣ ಅಂಟಿಕೊಂಡು ಇನ್ನೊಂದು ತಲೆನೋವು. ಸಡಿಲ ತುಣುಕನ್ನಂತೂ ನೀರಿಗೆ ಹಾಕಲೇಬೇಡಿ. ಅದಕ್ಕೆ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು 100 ಮಿಲಿಲೀಟರ್ ಅಸಿಟೋನಿಗೆ 5 ಗ್ರಾಮಿನಂತೆ ಕರಗಿಸಿ ಕುಂಚದಿಂದ ಕುಡಿಸಬೇಕು. ಮುಂದೆ ಯಾರಾದರೂ ಅಸಿಟೋನ್ ಹಾಕಿ ಇದನ್ನು ಮತ್ತೆ ಕರಗಿಸಿ ತೆಗೆಯಬಹುದು, ಸಂಗ್ರಹಾಲಯಗಳು ಇದನ್ನು ಬಳಸುವುದು ಅದಕ್ಕೇ. ಒಂದು ತೊಟ್ಟು ಫೆವಿಕ್ವಿಕ್ಕಿನಿಂದ ತಪ್ಪಾಗಿ ಜೋಡಿಸಿದ ಅಮ್ಮೊನೈಟನ್ನು ಮತ್ತೆ ಬಿಡಿಸುವುದು ಬಲು ಕಷ್ಟ.

ಇನ್ನು ತರಬೇಕೋ ಬಿಡಬೇಕೋ. ಪಳೆಯುಳಿಕೆ ತಾಣಗಳೂ ಸೇರಿದಂತೆ ಭೂಪರಂಪರೆಯ ತಾಣಗಳ ರಕ್ಷಣೆಗೆಂದು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಒಂದು ಕರಡು ಮಸೂದೆ ಪ್ರಕಟಿಸಿತು. ಕಾನೂನು ಏನೇ ಇರಲಿ, ಜಮೀನಿಗೆ ಒಡೆಯರಿರುತ್ತಾರೆ, ಸರ್ಕಾರಿ ಪುರಂಬೋಕು (ನಮ್ಮ ಕಡೆಯ ಖರಾಬು ಜಮೀನು) ಎಂದರೆ ಹೇಳುವವರು ಕೇಳುವವರು ಇಲ್ಲದ ಜಾಗವಲ್ಲ. ಊರಿನಲ್ಲಿ ಕೇಳಿ ಹೋಗುವುದು ಕ್ರಮ. ನನ್ನ ಅಭಿಪ್ರಾಯ ಕಟುವಾಗಿಯೇ ಇದೆ: ಕೊರಕಲಿನ ಬಾಯಿಗೆ ಬಂದು ಬಿದ್ದ ಸಾಧಾರಣ ಬೆಲೆಮ್ನೈಟ್ ಚೂರು ಮುಂದಿನ ಮಳೆಗೆ ಕೊಚ್ಚಿಹೋಗುವಂಥದ್ದು, ಅದನ್ನು ನೋಡಿ ಕಲಿಯಲು ಅಡ್ಡಿಯಿಲ್ಲ. ಪದರದೊಳಗೆ ಕೂತಿರುವುದನ್ನು ಸುತ್ತಿಗೆ ಹಾಕಿ ಕೀಳುವುದು, ಚೀಲ ತುಂಬಿಸಿಕೊಂಡು ಬಂದು ಮಾರುವುದು ತಪ್ಪು. ಚೆನ್ನಾಗಿ ಕಾಪಾಡಿದ್ದನ್ನು ನೋಡಬೇಕಾದರೆ ಅರಿಯಲೂರು ಬಳಿ ವಾರಣವಾಸಿಯಲ್ಲಿ ಸರ್ಕಾರಿ ಪಳೆಯುಳಿಕೆ ವಸ್ತುಸಂಗ್ರಹಾಲಯ ಇದೆ. ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರವಿದೆ, ದಡದಿಂದ ತೇಲಿ ಬಂದು ಕಡಲ ಕೆಸರಿನಲ್ಲಿ ಹೂತದ್ದು.

ಮೂಳೆ ಸಿಕ್ಕರೆ ಲೆಕ್ಕ ಬೇರೆ. ಒಡೆದ ಕಡೆ ಲೆನ್ಸಿನಲ್ಲಿ ಜಾಲರಿಯಂಥ ರಂಧ್ರಗಳು, ಎರಡೂ ಮುಖ ಒಳಕ್ಕೆ ತಗ್ಗಾದ ಬಿಲ್ಲೆಯಾಕಾರ ಕಂಡರೆ ಅದು ಇಕ್ತಿಯೊಸಾರ್ ಎಂಬ ಕಡಲ ಸರೀಸೃಪದ ಬೆನ್ನುಮೂಳೆ ಆಗಿರಬಹುದು. ಪಳೆಯುಳಿಕೆ ತಜ್ಞ ಲಿಡೆಕ್ಕರ್ 1879ರಲ್ಲಿ ಇಲ್ಲಿನ ಉತ್ತತ್ತೂರು ಪದರಗಳ ಬೆನ್ನುಮೂಳೆಗಳನ್ನು ನೋಡಿಯೇ ಒಂದು ಜಾತಿಗೆ ‘ಇಂಡಿಕಸ್’ ಎಂದು ಹೆಸರಿಟ್ಟದ್ದು. ಅಂಥದ್ದನ್ನು ಕೀಳಲು ಹೋಗಬೇಡಿ, ಪಕ್ಕದಲ್ಲಿ ಇನ್ನೂ ಮೂಳೆಗಳು ಇರಬಹುದು. ಫೋಟೊ ತೆಗೆದು, ಎತ್ತರ ಅಳೆದು, ಅದೇ ಜೇಡಿಯನ್ನು ಒಂದು ಗೇಣು ಮೇಲೆ ಮುಚ್ಚಿ, ಮೇಲಿನಿಂದ ನೀರು ಹರಿದುಬರುವ ಕಿರುಗಾಲುವೆಯನ್ನು ನಾಲ್ಕು ಕಲ್ಲಿಟ್ಟು ಪಕ್ಕಕ್ಕೆ ತಿರುಗಿಸಿ. ಅದೇ ದಿನ ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಕಚೇರಿಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಫೋಟೊ, ಜಿಪಿಎಸ್, ಅಳತೆ ಮೂರನ್ನೂ ಕಳಿಸಿ. ಡಿಸೆಂಬರಿನಲ್ಲಿ ಇನ್ನೊಂದು ವಾಯುಭಾರ ಕುಸಿತ ಬರುವ ಮುಂಚೆ ಅವರು ಬರಬೇಕಲ್ಲ, ಅದಕ್ಕೆ ಇಮೇಲ್ ಕಳಿಸಿ ಕೂರದೆ ಫೋನೂ ಮಾಡಿ.